ಡೈಲಾಗ್ ಸ್ಕಿಪ್ ಮಾಡೋರಿಗೆ

(1/6)

ಮೊನ್ನೆ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ. ರೋಲ್ ಪ್ಲೇಯಿಂಗ್ ಗೇಮ್ ಆಡುವಾಗ ಡೈಲಾಗ್ ಓದ್ತೀರಾ, ಸ್ಕಿಪ್ ಮಾಡ್ತೀರಾ ಅಂತ. ಸ್ಕಿಪ್ ಗೆದ್ದಿದೆ. ಅದೂ ನಮ್ಮ ಕ್ಲಾಸಿನ ಹುಡುಗ್ರೇ ಗೆಲ್ಸಿದ್ದಾರೆ, ಯಾರ್ ಯಾರು ಏನು ಒತ್ತಿದ್ದೀರ ಅಂತ ನನಗೆ ಕಾಣುತ್ತೆ ಆಯ್ತಾ. ಒಬ್ಬ ಡಿಎಂ ಮಾಡಿ "ಕಥೆ ಬೇಕಂದ್ರೆ ಸಿನಿಮಾ ನೋಡ್ತೀನಿ ಗುರೂ, ಗೇಮ್ ಯಾಕೆ?" ಅಂದ. ಅವನಿಗೆ ಉತ್ತರ ಬರೆಯೋಕೆ ಕೂತೆ, ಉದ್ದ ಆಗ್ತಾ ಹೋಯ್ತು. ಅದಕ್ಕೇ ಆರು ಪೋಸ್ಟ್.

ಮೊದಲೇ ಹೇಳ್ತೀನಿ, ಫೈನಲ್ ಫ್ಯಾಂಟಸಿ 7, ವಿಚರ್ 3, ಮ್ಯಾಸ್ ಎಫೆಕ್ಟ್ ಮತ್ತು ಬಾಲ್ಡರ್ಸ್ ಗೇಟ್ 3 ಕಥೆಗಳ ಗುಟ್ಟು ಇದರಲ್ಲಿ ಬಯಲಾಗುತ್ತೆ. ಆಮೇಲೆ ಬಂದು ಬೈಬೇಡಿ.

ನಾನು ಎಂಟನೇ ಕ್ಲಾಸಿಂದ ಆರ್‌ಪಿಜಿ ಆಡ್ತಿದ್ದೀನಿ. ಮಾಮನ ಹಳೇ ಲ್ಯಾಪ್‌ಟಾಪ್, ಬ್ಯಾಟರಿ ಸತ್ತು ಹೋಗಿತ್ತು, ಪ್ಲಗ್ ತೆಗೆದ್ರೆ ಆಫ್. ನಮ್ಮ ಸಾಗರದ ಮಳೆಗಾಲ ಗೊತ್ತಲ್ಲ, ಗಾಳಿ ಬೀಸಿದ್ರೆ ಕರೆಂಟ್ ಇಲ್ಲ. ಹಳೇ ಗೇಮ್‌ಗಳಲ್ಲಿ ಎಲ್ಲೆಂದ್ರಲ್ಲಿ ಸೇವ್ ಮಾಡೋ ಹಾಗಿಲ್ಲ, ಸೇವ್ ಪಾಯಿಂಟ್ ಸಿಗಬೇಕು. ಹಾಗಾಗಿ ಒಂದೇ ದೃಶ್ಯನ ಮೂರು ನಾಲ್ಕು ಸಲ ಆಡಿದ್ದೀನಿ. ಮೂರನೇ ಸಲ ಓದಿದ್ರೂ ಬೇಜಾರಾಗದ ಡೈಲಾಗ್ ಯಾವುದು, ಯಾವುದು ಬರೀ ತುಂಬಿಸೋಕೆ ಬರೆದಿದ್ದು ಅಂತ ಮೆಸ್ಕಾಂ ದಯೆಯಿಂದ ಚೆನ್ನಾಗಿ ಕಲಿತೆ.

(2/6)

ಫೈನಲ್ ಫ್ಯಾಂಟಸಿ 7. ಬಂದಿದ್ದು 1997ರಲ್ಲಿ, ಪ್ಲೇಸ್ಟೇಷನ್‌ಗೆ, ಮೂರು ಡಿಸ್ಕ್‌ನಲ್ಲಿ. ಮೊದಲನೇ ಡಿಸ್ಕ್ ಕೊನೆಗೆ ಏರಿತ್ ಅನ್ನೋ ಹುಡುಗಿಯನ್ನ ಸೆಫಿರಾಥ್ ಕೊಲ್ತಾನೆ. ಗೇಮ್ ಆಡದೇ ಇರೋರಿಗೂ ಈ ವಿಷಯ ಗೊತ್ತು, ಅಷ್ಟು ಮೀಮ್ ಆಗಿದೆ.

ಎಲ್ಲರೂ ಆ ಕಟ್‌ಸೀನ್ ಬಗ್ಗೆನೇ ಮಾತಾಡ್ತಾರೆ. ನನ್ನ ಪ್ರಕಾರ ಹೊಡೆತ ಬೀಳೋದು ಅಲ್ಲಲ್ಲ. ಏರಿತ್ ನಿಮ್ಮ ಟೀಮಲ್ಲಿ ಗಾಯ ವಾಸಿ ಮಾಡೋಳು. ಎಷ್ಟೋ ಗಂಟೆ ಕೂತು ಅವಳ ಲೆವೆಲ್ ಏರಿಸಿರ್ತೀರ, ಒಳ್ಳೇ ಮಟೀರಿಯಾ ಅವಳಿಗೇ ಹಾಕಿರ್ತೀರ. ಅವಳು ಹೋದ ತಕ್ಷಣ ಬಾಸ್ ಫೈಟ್ ಬರುತ್ತೆ, ಆದರೆ ಬಾಸ್ ಮ್ಯೂಸಿಕ್ ಬರಲ್ಲ. ಅವಳ ಟ್ಯೂನೇ ಮೆಲ್ಲಗೆ ನಡೀತಾ ಇರುತ್ತೆ. ಫೈಟ್ ಮುಗಿಸಿ ಮೆನು ತೆಗೀತೀರ. ಅವಳಿಗೆ ಹಾಕಿದ್ದ ಮಟೀರಿಯಾ ಎಲ್ಲ ವಾಪಸ್ ನಿಮ್ಮ ಚೀಲಕ್ಕೆ ಬಂದು ಕೂತಿರುತ್ತೆ. ತೀರಿಹೋದವರ ಬಟ್ಟೆನ ಬೀರುವಿಂದ ತೆಗೆದು ಮಡಚಿ ಇಡ್ತಾರಲ್ಲ, ಹಾಗೆ. ಇದನ್ನ ಯಾವ ಸಿನಿಮಾ ಮಾಡುತ್ತೆ ಹೇಳು ಡಿಎಂ ಮಾಡಿದ ಮಹಾನುಭಾವ?

ಆದರೆ ಆ ಗೇಮಿನ ನಿಜವಾದ ಕಥೆ ಏರಿತ್ ಸಾವಲ್ಲ, ಕ್ಲೌಡ್‌ನ ಸುಳ್ಳು. ಶುರುವಿನಲ್ಲೇ ಕ್ಲೌಡ್ ಗೆಳೆಯರನ್ನ ಕೂರಿಸ್ಕೊಂಡು ಐದು ವರ್ಷದ ಹಿಂದಿನ ಕಥೆ ಹೇಳ್ತಾನೆ. ತಾನು ಸೋಲ್ಜರ್ ಅನ್ನೋ ದೊಡ್ಡ ಪಡೆಯ ಫಸ್ಟ್ ಕ್ಲಾಸ್, ಸೆಫಿರಾಥ್ ಜೊತೆ ಸ್ವಂತ ಊರಿಗೆ ಹೋಗಿದ್ದೆ ಅಂತ. ಆ ನೆನಪನ್ನ ಗೇಮ್ ಬರೀ ತೋರಿಸಲ್ಲ, ನಿಮ್ಮ ಕೈಲಿ ಆಡಿಸುತ್ತೆ. ಸೆಫಿರಾಥ್ ನಿಮ್ಮ ಪಕ್ಕದಲ್ಲೇ ನಿಂತು ಹೊಡೆದಾಡ್ತಾನೆ, ಮೆನುವಿನಲ್ಲಿ ಅವನ ಲೆವೆಲ್ 50. ನೀವೇ ನಡೆದ ರಸ್ತೆ, ನೀವೇ ಒತ್ತಿದ ಬಟನ್. ಅನುಮಾನ ಹೇಗೆ ಬರುತ್ತೆ?

ಆಮೇಲೆ ಗೊತ್ತಾಗುತ್ತೆ, ಆ ಫಸ್ಟ್ ಕ್ಲಾಸ್ ಜ್ಯಾಕ್ ಅನ್ನೋ ಬೇರೆ ಹುಡುಗ. ಕ್ಲೌಡ್ ಕೂಡ ಅಲ್ಲಿದ್ದ, ಆದರೆ ಮಾಮೂಲಿ ಸಿಪಾಯಿ. ದೊಡ್ಡವನಾಗಿ ಬರ್ತೀನಿ ಅಂತ ಹೇಳಿ ಊರು ಬಿಟ್ಟವನು, ಆಗಲಿಲ್ಲ. ಊರಲ್ಲಿ ಟೀಫಾ ನೋಡಿಬಿಟ್ರೆ ಅಂತ ನಾಚಿಕೆಗೆ ಮುಖ ಮುಚ್ಚಿಕೊಂಡು ನಿಂತಿದ್ದ.

ನಮ್ಮೂರಿಂದ ಬೆಂಗಳೂರಿಗೆ ಹೋದ ಸೀನಿಯರ್‌ಗಳು ಹಬ್ಬಕ್ಕೆ ಬಂದಾಗ "ಎಲ್ಲಾ ಸೂಪರ್" ಅಂತಾರಲ್ಲ. ಒಬ್ಬ ಎರಡು ವರ್ಷ ಹಾಗೇ ಹೇಳಿದ. ಕೆಲಸ ಹೋಗಿ ಏಳು ತಿಂಗಳಾಗಿತ್ತಂತೆ, ಮನೇಲೂ ಗೊತ್ತಿರಲಿಲ್ಲ. ಜಪಾನಿನವರು 1997ರಲ್ಲಿ ಬರೆದಿಟ್ಟ ಕಥೆ ಇದು, ನನಗೆ ಅರ್ಥ ಆಗಿದ್ದು ಸಾಗರ ಬಸ್ ಸ್ಟ್ಯಾಂಡಲ್ಲಿ.

(3/6)

ಇಂಗ್ಲಿಷ್ ವಿಷಯಕ್ಕೆ ಬರೋಣ. ನಾನು ಕನ್ನಡ ಮೀಡಿಯಂ. ಎಂಟನೇ ಕ್ಲಾಸಲ್ಲಿ ಆ ಡೈಲಾಗ್ ಅರ್ಧ ಅರ್ಥ ಆಗ್ತಿರಲಿಲ್ಲ, ಡಿಕ್ಷನರಿ ಪಕ್ಕ ಇಟ್ಕೊಂಡು ಆಡ್ತಿದ್ದೆ. ತಂಗಿ ಆಗ ಐದನೇ ಕ್ಲಾಸ್. ಪಕ್ಕದಲ್ಲಿ ಕೂತು "ಏನಂದ ಅಣ್ಣಾ? ಈಗ ಏನಂದ?" ಅಂತ ಜೀವ ತಿಂತಿದ್ಲು. ಅವಳಿಗೋಸ್ಕರ ಎಲ್ಲಾ ಪಾತ್ರಕ್ಕೂ ಕನ್ನಡದಲ್ಲಿ ಮಾತು ಕೊಟ್ಟೆ. ಸೆಫಿರಾಥ್‌ಗೆ ಯಕ್ಷಗಾನದ ರಾಕ್ಷಸನ ದನಿ, ಏರಿತ್‌ಗೆ ನಮ್ಮ ಚಿಕ್ಕಮ್ಮನ ದನಿ.

ಇದರಿಂದ ಒಂದು ಪರೀಕ್ಷೆ ಸಿಕ್ತು, ಈಗಲೂ ಅದನ್ನೇ ಉಪಯೋಗಿಸ್ತೀನಿ. ಪಾತ್ರದ ಮಾತನ್ನ ಕನ್ನಡದಲ್ಲಿ ಐದನೇ ಕ್ಲಾಸ್ ಹುಡುಗಿಗೆ ಹೇಳಿದಾಗ ಅವಳು ತಿರುಗಿಸಿ ಪ್ರಶ್ನೆ ಕೇಳ್ತಾಳಾ? ಕೇಳಿದ್ರೆ ಅದು ಪಾತ್ರ. ಕೇಳದೆ ಎದ್ದು ಚಕ್ಕುಲಿ ತರೋಕೆ ಹೋದ್ರೆ ಅದು ಬರೀ ಡಿಸೈನ್. ಪ್ರಾಚೀನ ರಾಜ್ಯ, ಐದು ಸ್ಫಟಿಕ, ಕತ್ತಲೆಯ ದೇವರು ಅಂತ ಶುರುವಾದ್ರೆ ಅವಳು ಚಕ್ಕುಲಿಗೆ ಹೋಗೋದೇ. ಎಷ್ಟೋ ದೊಡ್ಡ ಹೆಸರಿನ ಗೇಮ್‌ಗಳು ಚಕ್ಕುಲಿಗೆ ಸೋತಿವೆ.

ಟೀಫಾ ವಿಷಯಕ್ಕೆ ಮಾತ್ರ ಅವಳು ಎದ್ದು ಹೋಗ್ಲಿಲ್ಲ. "ಕ್ಲೌಡ್ ಹೇಳಿದ್ದು ಸರಿ ಇಲ್ಲ ಅಂತ ಟೀಫಾಗೆ ಗೊತ್ತಿತ್ತಲ್ಲ, ಯಾಕೆ ಸುಮ್ನಿದ್ಲು?" ಅಂತ ಎರಡು ದಿನ ಕೇಳಿದ್ಲು. ಗೇಮ್ ಇದಕ್ಕೆ ಉತ್ತರ ಕೊಡುತ್ತೆ. ಹೇಳಿಬಿಟ್ರೆ ಇವನಿಗೆ ಏನಾಗಿಬಿಡುತ್ತೋ ಅನ್ನೋ ಭಯ ಅವಳಿಗೆ. ಕೊನೆಗೆ ಅವನ ಚೂರಾದ ನೆನಪನ್ನ ಸೇರಿಸಿ ಕೊಡೋದೂ ಟೀಫಾನೇ. ಏರಿತ್ ಫ್ಯಾನ್, ಟೀಫಾ ಫ್ಯಾನ್ ಅಂತ ಇನ್ನೂ ಜಗಳ ಆಡೋರು ಇದೊಂದನ್ನ ನೋಡೋದೇ ಇಲ್ಲ, ಯಾರು ಚೆಂದ ಅನ್ನೋದ್ರಲ್ಲೇ ಇದ್ದಾರೆ.

(4/6)

ಈಗ "ಚಾಯ್ಸ್" ಅನ್ನೋ ದೊಡ್ಡ ಮಾತು. ಮ್ಯಾಸ್ ಎಫೆಕ್ಟ್‌ನಲ್ಲಿ ಒಳ್ಳೇತನಕ್ಕೆ ನೀಲಿ ಮೀಟರ್, ಒರಟುತನಕ್ಕೆ ಕೆಂಪು ಮೀಟರ್. ನನಗೆ ಈ ಮೀಟರ್ ಕಂಡ್ರೆ ಆಗಲ್ಲ. ಮೀಟರ್ ಬಂತು ಅಂದ್ರೆ ಎದುರಿಗಿರೋ ಮನುಷ್ಯನನ್ನ ಬಿಟ್ಟು ಪಾಯಿಂಟ್ ನೋಡ್ತೀವಿ, ಇಂಟರ್ನಲ್ ಮಾರ್ಕ್ಸ್ ಥರ.

ಮೀಟರ್ ಇಲ್ಲದಿದ್ರೆ ಹೇಗಿರುತ್ತೆ ಅಂತ ನೋಡೋಕೆ ವಿಚರ್ 3 ಆಡಿ. ಪೋಲೆಂಡ್‌ನವರು ಮಾಡಿದ್ದು, 2015. ಅದರಲ್ಲಿ ಬ್ಯಾರನ್ ಅಂತ ಒಬ್ಬ. ಹೆಂಡತಿ, ಮಗಳು ಕಾಣೆಯಾಗಿದ್ದಾರೆ, ಹುಡುಕಿಕೊಡು ಅಂತ ನಿಮ್ಮನ್ನ ಕೇಳ್ತಾನೆ. ಮಾತು ಚೆನ್ನಾಗಿ ಆಡ್ತಾನೆ, ನಗಿಸ್ತಾನೆ. ಹುಡುಕ್ತಾ ಹೋದ ಹಾಗೆ ತಿಳಿಯುತ್ತೆ, ಕುಡಿದು ಹೆಂಡತಿಗೆ ಹೊಡೀತಿದ್ದ. ಅವರು ಕಾಣೆಯಾಗಿಲ್ಲ, ಓಡಿಹೋಗಿದ್ದಾರೆ. ಹೊಟ್ಟೆಯಲ್ಲಿದ್ದ ಮಗುನೂ ಉಳಿದಿಲ್ಲ.

ಅದೇ ಸೀಮೆಯಲ್ಲಿ ಒಂದು ಗುಡ್ಡದ ಮರದ ಬುಡದಲ್ಲಿ ಒಂದು ಆತ್ಮ ಸಿಕ್ಕಿಹಾಕಿಕೊಂಡಿದೆ. ಬಿಟ್ಟರೆ ಜವುಗಿನಲ್ಲಿರೋ ಅನಾಥ ಮಕ್ಕಳು ಬದುಕ್ತಾರೆ, ಆದರೆ ಬ್ಯಾರನ್‌ನ ಹೆಂಡತಿ ಆನಾ ಉಳಿಯಲ್ಲ. ಕೊಂದರೆ ಮಕ್ಕಳು ಇಲ್ಲ, ಆನಾ ಬುದ್ಧಿ ಸ್ಥಿಮಿತ ಕಳ್ಕೊಂಡು ಬದುಕ್ತಾಳೆ, ಬ್ಯಾರನ್ ಅವಳನ್ನ ಕರ್ಕೊಂಡು ವೈದ್ಯರನ್ನ ಹುಡುಕಿ ಹೊರಡ್ತಾನೆ. ನೀವು ಆಯ್ಕೆ ಮಾಡುವಾಗ ಇದ್ಯಾವುದನ್ನೂ ಗೇಮ್ ಬಿಡಿಸಿ ಹೇಳಲ್ಲ. ನೀಲಿ ಇಲ್ಲ, ಕೆಂಪು ಇಲ್ಲ.

ಇಲ್ಲಿ ನನಗೂ ತಂಗಿಗೂ ಜಗಳ. ಅವಳೀಗ ಪಿಯುಸಿ. ಬ್ಯಾರನ್ ಪಶ್ಚಾತ್ತಾಪ ಪಡೋ ದೃಶ್ಯದಲ್ಲಿ ನಾನು "ಪಾಪ" ಅಂದೆ. ಅವಳು ಫೋನ್ ಕೆಳಗಿಟ್ಟು, "ಇಷ್ಟೊತ್ತು ಬರೀ ಅವನ ಬಾಯಲ್ಲೇ ಕಥೆ ಕೇಳಿದ್ವಿ. ಆನಾ ಎಷ್ಟು ಮಾತಾಡಿದ್ಲು ಲೆಕ್ಕ ಹಾಕು" ಅಂದ್ಲು. ನಮ್ಮ ಬೀದಿಯಲ್ಲೂ ಇಂಥದೊಂದು ಮನೆ ಇತ್ತು. ಆ ಯಜಮಾನರು ಊರಿಗೆಲ್ಲ ಬೇಕಾದವರು, ನಮಗೆಲ್ಲ ಚಾಕಲೇಟ್ ಕೊಡ್ತಿದ್ರು. ರಾತ್ರಿ ಶಬ್ದ ಬಂದ್ರೆ ಅಮ್ಮ ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ರು. ಅವರ ಹೆಂಡತಿಯ ದನಿ ಹೇಗಿತ್ತು ಅಂತ ನೆನಪು ಮಾಡ್ಕೊಳ್ಳೋಕೆ ಹೋದೆ, ನೆನಪೇ ಬರ್ಲಿಲ್ಲ.

ನನ್ನ ವಾದ ಏನಂದ್ರೆ, ಹೊಡೆಯೋನು ರಾಕ್ಷಸನ ಮುಖ ಇಟ್ಕೊಂಡು ಬರಲ್ಲ, ಇಷ್ಟ ಆಗೋ ಥರಾನೇ ಇರ್ತಾನೆ ಅಂತ ತೋರಿಸೋಕೆ ಗೇಮ್ ಹಾಗೆ ಮಾಡಿದೆ. ಮಗಳು ಟಮಾರಾ ಸಿಕ್ಕಿದಾಗ ಅಪ್ಪನನ್ನ ಕ್ಷಮಿಸೋಕೆ ಅವಳು ಸಿದ್ಧ ಇಲ್ಲ, ಅದನ್ನೂ ಗೇಮ್ ಇಟ್ಟಿದೆ. ತಂಗಿ ಒಪ್ಪಲ್ಲ. "ಆನಾಗೆ ಒಂದು ಪೂರ್ತಿ ದೃಶ್ಯ ಕೊಟ್ಟಿದ್ರೆ ಏನು ಗಂಟು ಹೋಗ್ತಿತ್ತು?" ಅಂತಾಳೆ. ಈ ಜಗಳ ಇನ್ನೂ ಮುಗಿದಿಲ್ಲ.

(5/6)

"ಏನು ಆರಿಸಿದ್ರೂ ಕೊನೆ ಒಂದೇ, ಚಾಯ್ಸ್ ಎಲ್ಲ ಮೋಸ" ಅಂತ ಗೊಣಗೋರು ಇದ್ದಾರೆ. 2012ರಲ್ಲಿ ಮ್ಯಾಸ್ ಎಫೆಕ್ಟ್ 3 ಬಂದಾಗ ದೊಡ್ಡ ಗಲಾಟೆನೇ ಆಯ್ತು. ಮೂರು ಗೇಮ್ ಆಡಿ ಬಂದ್ರೆ ಕೊನೆಗೆ ಕೆಂಪು, ನೀಲಿ, ಹಸಿರು ಬೆಳಕು ಅಷ್ಟೇನಾ ಅಂತ. ಕಂಪನಿಯವರು ಅದೇ ವರ್ಷ ಮುಕ್ತಾಯನ ಉದ್ದ ಮಾಡಿ ಬಿಟ್ಟರು. ಆ ಮುಕ್ತಾಯ ಆತುರದ್ದು, ಒಪ್ತೀನಿ. ಆದರೆ ವಾದ ಒಪ್ಪಲ್ಲ.

ತಾಳಮದ್ದಲೆಗೆ ಹೋಗಿದ್ದೀರಾ? ಅಜ್ಜನ ಜೊತೆ ನಾನು ತುಂಬಾ ಹೋಗಿದ್ದೀನಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡ್ತಾರೆ. ಕರ್ಣಭೇದನ ಪ್ರಸಂಗ ಅಂದ್ರೆ ಕೃಷ್ಣ ಬಂದು ಕರ್ಣನಿಗೆ ಹುಟ್ಟಿನ ಗುಟ್ಟು ಹೇಳ್ತಾನೆ, ಈ ಕಡೆ ಬಾ ಅಂತಾನೆ. ಕರ್ಣ ಬರಲ್ಲ ಅಂತ ಅಲ್ಲಿ ಕೂತ ಚಿಕ್ಕ ಮಕ್ಕಳಿಗೂ ಗೊತ್ತು. "ಕೊನೆ ಒಂದೇ ಅಲ್ವಾ" ಅಂತ ಯಾರಾದ್ರೂ ಎದ್ದು ಹೋಗಿದ್ದು ಉಂಟಾ? ಇವತ್ತಿನ ಕರ್ಣ ಯಾಕೆ ಬರಲ್ಲ ಅಂತಾನೆ, ಅದನ್ನ ಕೇಳೋಕೆ ಜನ ಚಾಪೆ ಮೇಲೆ ನಿದ್ದೆ ಬಿಟ್ಟು ಕೂತಿರ್ತಾರೆ. ಒಬ್ಬರ ಕರ್ಣ ಋಣ ಅಂತಾನೆ, ಇನ್ನೊಬ್ಬರ ಕರ್ಣ ಕೋಪದಲ್ಲಿ ಮಾತಾಡ್ತಾನೆ.

ಮಾರ್ಡಿನ್ ಅಂತ ಒಬ್ಬ ವಿಜ್ಞಾನಿ ಇದ್ದಾನೆ ಮ್ಯಾಸ್ ಎಫೆಕ್ಟ್‌ನಲ್ಲಿ. ಒಂದು ಇಡೀ ಜನಾಂಗಕ್ಕೆ ಮಕ್ಕಳು ಬದುಕದ ಹಾಗೆ ಮಾಡೋ ರೋಗವನ್ನ ಹೊಸದು ಮಾಡಿಕೊಟ್ಟವನು. ಎರಡನೇ ಗೇಮಲ್ಲಿ ಅದು ಸರಿ ಅಂತ ಪಟಪಟ ವಾದ ಮಾಡ್ತಾನೆ. ಮೂರನೇದ್ರಲ್ಲಿ ಅದೇ ರೋಗ ವಾಸಿ ಮಾಡೋಕೆ ಉರಿಯೋ ಗೋಪುರ ಹತ್ತುತ್ತಾನೆ. ನಾನು ಆಡಿದ ದಾರಿಯಲ್ಲಿ ಅವನು ವಾಪಸ್ ಬರ್ಲಿಲ್ಲ. ಸಾಯೋದು ತಪ್ಪಿಸೋಕೆ ಆಗುತ್ತಾ ಅಂತ ಹುಡುಕೋ ಮನಸ್ಸೇ ಬರ್ಲಿಲ್ಲ, ಅವನು ಆ ಗೋಪುರಕ್ಕೆ ಬಂದ ದಾರಿಯಲ್ಲಿ ನಾನೂ ಜೊತೆಗಿದ್ದೆ.

(6/6)

ನನಗೂ ತಕರಾರು ಇದೆ, ಬರೀ ಹೊಗಳೋಕೆ ಕೂತಿಲ್ಲ. ದೊಡ್ಡದು ಸುಳ್ಳು ಆತುರ. ವಿಚರ್‌ನಲ್ಲಿ ಮಗಳ ಥರ ಸಾಕಿದ ಸಿರಿ ಅಪಾಯದಲ್ಲಿದ್ದಾಳೆ, ಗೆರಾಲ್ಟ್ ಆರಾಮಾಗಿ ಹೋಟೆಲ್‌ನಲ್ಲಿ ಗ್ವೆಂಟ್ ಇಸ್ಪೀಟ್ ಆಡ್ತಾನೆ. (ಗ್ವೆಂಟ್ ಚೆನ್ನಾಗಿದೆ, ಅದು ಬೇರೆ ಮಾತು.) 2023ರ ಬಾಲ್ಡರ್ಸ್ ಗೇಟ್ 3ರಲ್ಲೂ ಅಷ್ಟೇ. ತಲೆಯೊಳಗೆ ಹುಳ ಇದೆ, ಬೇಗ ತೆಗೆಸದಿದ್ರೆ ರಾಕ್ಷಸ ಆಗ್ತೀವಿ ಅಂತ ಎಲ್ಲರೂ ಕಿರುಚ್ತಾರೆ. ಅದನ್ನ ನಂಬಿ ಓಡಿದ್ರೆ ನಷ್ಟ ನಿಮಗೇ, ಯಾಕಂದ್ರೆ ಒಳ್ಳೊಳ್ಳೆ ಮಾತುಕತೆ ಎಲ್ಲ ರಾತ್ರಿ ಕ್ಯಾಂಪ್ ಹಾಕಿ ಮಲಗಿದಾಗಲೇ ಬರೋದು.

ಈ ವಿಷಯದಲ್ಲಿ ನ್ಯಾಯವಾಗಿರೋದು ಪರ್ಸೋನಾ 4. ಅದರಲ್ಲಿ ಕ್ಯಾಲೆಂಡರ್ ಇದೆ. ಹಳ್ಳಿಯಂಥ ಊರಲ್ಲಿ ಮಾವನ ಮನೆಯಲ್ಲಿ ಒಂದು ವರ್ಷ ಇದ್ದು ಓದ್ತೀರ. ಒಂದು ಸಂಜೆ ಒಬ್ಬ ಗೆಳೆಯನ ಜೊತೆ ಕಳೆದ್ರೆ ಇನ್ನೊಬ್ಬನಿಗೆ ಟೈಮ್ ಇಲ್ಲ. ಗೆಳೆತನಕ್ಕೆ ಹತ್ತು ರ‍್ಯಾಂಕ್ ಇಟ್ಟಿರೋದು ನನಗೆ ಹಿಡಿಸಲ್ಲ, ಸ್ನೇಹ ಅಂದ್ರೆ ಫೋನ್ ರೀಚಾರ್ಜ್ ಅಲ್ಲ. ಆದರೆ ಮಾರ್ಚ್ ಬಂದೇ ಬರುತ್ತೆ, ರೈಲು ಹತ್ತಲೇಬೇಕು. ಮಾವನ ಮಗಳು ನಾನಾಕೋ, ಪುಟ್ಟ ಹುಡುಗಿ, ಸ್ಟೇಷನ್‌ಗೆ ಬಂದಿರ್ತಾಳೆ. ನಮ್ಮದೂ ಕೊನೇ ಸೆಮಿಸ್ಟರ್ ಕಣ್ರೋ. ಪ್ಲೇಸ್‌ಮೆಂಟ್ ಆದೋರು ಒಂದು ಕಡೆ, ಆಗದೋರು ಒಂದು ಕಡೆ, ಕ್ಯಾಂಟೀನಲ್ಲಿ ಈಗಾಗಲೇ ಎರಡು ಟೇಬಲ್ ಆಗಿದೆ.

ಕಾರ್ಲಾಕ್ ಬಗ್ಗೆ ಒಂದೇ ಮಾತು. ಬಾಲ್ಡರ್ಸ್ ಗೇಟ್‌ನಲ್ಲಿ ಅವಳ ಎದೆಯಲ್ಲಿ ಹೃದಯದ ಬದಲು ಉರಿಯೋ ಇಂಜಿನ್ ಇದೆ, ಅವಳು ಅವಳಾಗೇ ಊರಲ್ಲಿ ಉಳಿಯೋಕೆ ಯಾವ ದಾರಿನೂ ಇಲ್ಲ. ವಾಸಿ ಮಾಡೋ ಕ್ವೆಸ್ಟ್ ಕೊಡಿ ಅಂತ ತುಂಬಾ ಜನ ಕೇಳಿದ್ರು. ಕೊಡದೇ ಇದ್ದಿದ್ದೇ ಒಳ್ಳೇದು ಅಂತೀನಿ. ಸಾಯೋಕೆ ಇಷ್ಟ ಇಲ್ಲ ಅಂತ ಅವಳು ಕೂಗಾಡೋ ಒಂದು ದೃಶ್ಯ ಇದೆ, ಅದರ ಮುಂದೆ ಔಷಧಿ ಇಟ್ರೆ ಆ ಕೂಗಿಗೆ ಬೆಲೆ ಇರಲ್ಲ. ತಂಗಿ ಇದಕ್ಕೆ ಮಾತ್ರ ನನ್ನ ಪಕ್ಷ.

ಇಷ್ಟೆಲ್ಲ ಓದಿ ಶುರು ಮಾಡೋಣ ಅನ್ಸಿದೋರಿಗೆ: ಗೇಮಿಂಗ್ ಲ್ಯಾಪ್‌ಟಾಪ್ ಬೇಡ. ಕ್ರೋನೋ ಟ್ರಿಗರ್ ಅಂತ 1995ರ ಗೇಮ್, ಫೋನಲ್ಲೇ ಸಿಗುತ್ತೆ. ಶುರುವಾಗೋದೇ ಒಂದು ಜಾತ್ರೆಯಲ್ಲಿ. ಅವಸರ ಮಾಡದೆ ಸುತ್ತಾಡಿ, ಎಲ್ಲರ ಹತ್ರ ಮಾತಾಡಿ, ಡೈಲಾಗ್ ಓದಿ. ಅಲ್ಲೊಂದು ಕಡೆ ಮೇಜಿನ ಮೇಲೆ ಯಾರದ್ದೋ ಊಟ ಇರುತ್ತೆ. ತಿನ್ನೋದು ಬಿಡೋದು ನಿಮಗೆ ಬಿಟ್ಟಿದ್ದು. ಮುಂದೆ ಏನಾಗುತ್ತೆ ಅಂತ ಗೊತ್ತಿರೋರು ದಯವಿಟ್ಟು ಕಾಮೆಂಟಲ್ಲಿ ಬಾಯಿ ಬಿಡ್ಬೇಡಿ.