ಆಯಿಯ ಖೋ-ಖೋ ಮತ್ತು ನನ್ನ ಕೊರಿಯನ್ ಸೀರಿಯಲ್

ಸಿದ್ದಾಪುರದ ಹಳ್ಳಿಮನೆಯಲ್ಲಿ ವರ್ಕ್ ಫ್ರಂ ಹೋಮ್ ಅಂದ್ರೆ ಗೊತ್ತಲ್ಲ, ಮಳೆ ಜೋರಾದರೆ ಕರೆಂಟು ಹೋಗುತ್ತೆ, ಹಿಂದೆಯೇ ನೆಟ್‌ವರ್ಕೂ. ಅವತ್ತು ಡೌನ್‌ಲೋಡ್ ಮಾಡಿಟ್ಟಿದ್ದ ‘ಟ್ವೆಂಟಿ-ಫೈವ್ ಟ್ವೆಂಟಿ-ಒನ್’ ನೋಡ್ತಿದ್ದೆ. 2022ರ ಕೊರಿಯನ್ ಸೀರಿಯಲ್, 16 ಕಂತು. 1998ರ ಆರ್ಥಿಕ ಬಿಕ್ಕಟ್ಟಿನಲ್ಲಿ ನಾ ಹೀ-ಡೋ ಎಂಬ ಹುಡುಗಿಯ ಶಾಲೆಯ ಫೆನ್ಸಿಂಗ್ ತಂಡವನ್ನೇ ಮುಚ್ಚಿಬಿಡುತ್ತಾರೆ. ಅವಳು ಬೇರೆ ಶಾಲೆ ಸೇರಿ ಮತ್ತೆ ಕತ್ತಿ ಹಿಡಿಯುತ್ತಾಳೆ. ದಿವಾಳಿಯಾದ ಮನೆಯ ಹುಡುಗ ಯೀ-ಜಿನ್ ಜೊತೆ ಪ್ರೀತಿಯೂ ಆಗುತ್ತೆ.

ಆಯಿ ಬಂದು ಪಕ್ಕ ಕೂತಳು. ತಂಡ ಮುಚ್ಚಿದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆನೂ ಖೋ-ಖೋ ಆಡ್ತಿದ್ದಿ” ಅಂದಳು. ಒಂಬತ್ತನೇ ಕ್ಲಾಸು, ಶಿರಸಿಯಲ್ಲಿ ಪಂದ್ಯ. ಅಂಕಣಕ್ಕಿಳಿಯುವ 9 ಜನರಲ್ಲಿ ಅವಳೂ ಒಬ್ಬಳು. ಹಿಂದಿನ ರಾತ್ರಿ ಅಜ್ಜ ಬೇಡ ಅಂದರಂತೆ. ಅಲ್ಲಿಗೆ ಮುಗೀತು. ಇಷ್ಟು ವರ್ಷ ನನಗಿದು ಗೊತ್ತೇ ಇರಲಿಲ್ಲ.

“ಇಬ್ರೂ ಮದ್ವೆ ಆಗ್ತ್ವಾ?” ಕೇಳಿದಳು. ಇಲ್ಲ, ಕೊನೆಗೆ ದೂರವಾಗ್ತಾರೆ ಅಂದೆ.

“ಅಡ್ಡಿಲ್ಲೆ. ಆಟ ಬಿಡ್ತಿಲ್ಲೆ ಅಲ್ದಾ?”

ನನಗೆ ಯಲ್ಲಾಪುರದ ಸಂಬಂಧವೊಂದು ಬಂದಿತ್ತು. ಹುಡುಗ ಒಳ್ಳೆಯವನೇ. ಆದರೆ ಮದುವೆಯಾದ ಮೇಲೆ ಕೆಲಸ ಬಿಡಬೇಕಂತೆ. ಹೂಂ ಅನ್ನಲಿ ಅಂತ ಆಯಿಗೆ ಆಸೆ ಇದೆ ಅಂದುಕೊಂಡು, ಹದಿನೈದು ದಿನದಿಂದ ಏನೂ ಹೇಳದೆ ಕೂತಿದ್ದೆ.

ಕರೆಂಟು ಬಂತು. “ಕೆಲ್ಸ ಬಿಡ್ತಿಲ್ಲೆ ಹೇಳಿ ಫೋನ್ ಮಾಡು. ಒಪ್ಪಿರೆ ಬರ್ಲಿ” ಎಂದು ಆಯಿ ದೋಸೆಗೆ ಅಕ್ಕಿ ನೆನೆಹಾಕಲು ಎದ್ದಳು. ಉಳಿದ ಕಂತು ತನ್ನನ್ನು ಬಿಟ್ಟು ನೋಡಬಾರದು ಅಂತ ಒಳಗಿನಿಂದಲೇ ಕೂಗಿದಳು.