ಮಧ್ಯದ ಮೂರು ಅಂಕಗಳು

ಬೋಧನಾಭ್ಯಾಸದ ಮೂರನೆಯ ವಾರ ಎಂಟನೆಯ ತರಗತಿಗೆ ಮೂಲಭೂತ ಕರ್ತವ್ಯಗಳ ಪಾಠ ಮಾಡಬೇಕಿತ್ತು. ಸಂವಿಧಾನದ 51ಎ ವಿಧಿಯ ಹನ್ನೊಂದು ಕರ್ತವ್ಯಗಳನ್ನು ಮಕ್ಕಳು ಸರಾಗವಾಗಿ ಒಪ್ಪಿಸುತ್ತಿದ್ದರು. ಎಲ್ಲ ಕ್ಷೇತ್ರಗಳಲ್ಲಿ ಶ್ರೇಷ್ಠತೆಗಾಗಿ ಶ್ರಮಿಸಬೇಕು ಎಂಬುದರ ಅರ್ಥ ಕೇಳಿದರೆ ಮಾತ್ರ ತರಗತಿ ಮೌನ. ಆಗ ಶಾಲೆಯಲ್ಲಿ ಯೋಗಾಸನ ಸ್ಪರ್ಧೆಗೆ ತಯಾರಿ ನಡೆಯುತ್ತಿತ್ತು. ಪಾಠಯೋಜನೆಗೆ ಅದನ್ನೇ ಉದಾಹರಣೆಯಾಗಿ ಆರಿಸಿಕೊಂಡೆ.

ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಕೇಂದ್ರ ಸರ್ಕಾರ ಅಧಿಕೃತವಾಗಿ ಘೋಷಿಸಿದ್ದು 2020ರ ಡಿಸೆಂಬರ್‌ನಲ್ಲಿ. 2022ರ ಜೂನ್‌ನಲ್ಲಿ ಹರಿಯಾಣದ ಪಂಚಕುಲದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಮಲ್ಲಕಂಬ, ಕಳರಿಪಯಟ್ಟು, ಗತ್ಕಾ, ಥಾಂಗ್‌ತಾ ಜೊತೆಗೆ ಯೋಗಾಸನವೂ ಇತ್ತು. ಅದೇ ವರ್ಷ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟಕ್ಕೂ ಅದು ಸೇರಿತು.

ಪಾಠಯೋಜನೆ ನೋಡಿದ ಮಾರ್ಗದರ್ಶಕ ಶಿಕ್ಷಕರು, "ಯೋಗದಲ್ಲಿ ಗೆಲ್ಲೋದು ಸೋಲೋದು ಎಲ್ಲಿಂದ ಬಂತಮ್ಮ?" ಎಂದರು. ಆ ಪ್ರಶ್ನೆ ನ್ಯಾಯವಾದದ್ದೇ. ಪತಂಜಲಿ ಹೇಳುವ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಅದಕ್ಕಿಂತ ಮೊದಲು ಬರುವ ಯಮದಲ್ಲಿ ಅಹಿಂಸೆ, ಸತ್ಯ, ಅಪರಿಗ್ರಹಗಳಿವೆ. ಅವುಗಳಿಗೆ ಯಾವ ತೀರ್ಪುಗಾರರೂ ಅಂಕ ಹಾಕಲಾರರು. ಕ್ರೀಡೆಯ ಹೆಸರು ಯೋಗ ಎಂದಲ್ಲ, ಯೋಗಾಸನ ಎಂದೇ ಇರುವುದು ಸರಿ ಎನಿಸಿತು. ಭಂಗಿ ಸರಿಯಿದೆಯೇ, ಅಲುಗದೆ ನಿಂತಿದೆಯೇ ಎಂಬುದನ್ನು ಅಳೆಯಬಹುದು. ಹಾಗಾದರೆ ಸ್ಪರ್ಧೆಯಿಂದ ಪೌರನೀತಿ ಕಲಿಯುವುದು ಎಲ್ಲಿ? ಅಳೆಯುವ ಬಗೆಯಲ್ಲಿ ಎಂದುಕೊಂಡು ತರಗತಿಗೆ ಹೋದೆ.

ಒಬ್ಬ ವಿದ್ಯಾರ್ಥಿನಿ ಮೂವತ್ತು ಸೆಕೆಂಡು ವೃಕ್ಷಾಸನದಲ್ಲಿ ನಿಂತಳು. ಐವರು ಮಕ್ಕಳು ತೀರ್ಪುಗಾರರು. ಬೆನ್ನು ನೇರವಿರಬೇಕು, ನೆಲದ ಮೇಲಿನ ಪಾದ ಕದಲಬಾರದು, ಮುಖದಲ್ಲಿ ಬಿಗಿತ ಇರಬಾರದು ಎಂಬ ಮೂರು ನಿಯಮಗಳನ್ನು ಮೊದಲೇ ಕಪ್ಪುಹಲಗೆಯ ಮೇಲೆ ಬರೆದಿದ್ದೆವು. ಹತ್ತಕ್ಕೆ ಬಂದ ಅಂಕಗಳು: 4, 7, 7.5, 8, 10. ಹತ್ತು ಕೊಟ್ಟವಳು ಅವಳ ಪಕ್ಕದಲ್ಲೇ ಕೂರುವ ಗೆಳತಿ. ನಾಲ್ಕು ಕೊಟ್ಟವನು ಹಿಂದಿನ ದಿನ ಅವಳೊಡನೆ ಜಗಳವಾಡಿದವನು. ತರಗತಿ ನಕ್ಕಿತು.

ಡೈವಿಂಗ್‌ನಲ್ಲಿ ಮಾಡುವಂತೆ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಗಳನ್ನು ಹೊಡೆದುಹಾಕಿದೆವು. ಉಳಿದ ಮೂರರ ಸರಾಸರಿ 7.5. ಸ್ನೇಹವೂ ಲೆಕ್ಕಕ್ಕೆ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮನುಷ್ಯರು ಪಕ್ಷಪಾತ ಮಾಡಬಹುದು ಎಂದು ತಿಳಿದೇ ನಿಯಮ ಮಾಡುತ್ತಾರೆ ಎಂದು ನಾನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಇಬ್ಬರು ಸೇರಿಕೊಂಡು ಹತ್ತು ಹತ್ತು ಕೊಟ್ರೆ ಮಿಸ್?"

ಪಾಠಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ತರಗತಿಯನ್ನೇ ಕೇಳಿದೆ. "ಯಾರು ಎಷ್ಟು ಕೊಟ್ರು ಅಂತ ಎಲ್ಲರಿಗೂ ಕಾಣಬೇಕು" ಎಂಬ ಉತ್ತರ ಬಂತು. ತಕ್ಷಣ ವೃಕ್ಷಾಸನ ಮಾಡಿದವಳು ಎದ್ದು ನಿಂತಳು. ಹಿಂದಿನ ವಾರ ಬೇರೊಂದು ಕಡೆ ನಡೆದ ಆಯ್ಕೆಗೆ ಅವಳೂ ಹೋಗಿದ್ದಳು. "ಅಲ್ಲಿ ನಮ್ಮ ಮಾರ್ಕ್ಸ್ ಹೇಳಲೇ ಇಲ್ಲ ಮಿಸ್. ಹೆಸರು ಮಾತ್ರ ಓದಿದ್ರು." ತಾನು ಆಯ್ಕೆಯಾಗಬೇಕಿತ್ತು ಎಂದು ಅವಳು ಹೇಳಲಿಲ್ಲ. ಎಲ್ಲಿ ಅಂಕ ಹೋಯಿತೆಂದು ಗೊತ್ತಾದರೆ ತಿದ್ದಿಕೊಳ್ಳಬಹುದಿತ್ತು ಎಂದಳು.

ಶ್ರೇಷ್ಠತೆಗಾಗಿ ಶ್ರಮಿಸುವುದು ಎಂಬ ಮಾತಿಗೆ ನಾನು ಸಿದ್ಧಪಡಿಸಿಕೊಂಡಿದ್ದ ವಿವರಣೆಗಿಂತ ಇದು ಸ್ಪಷ್ಟವಾಗಿತ್ತು. ಶ್ರಮಪಡುವುದು ಮಗುವಿನ ಕರ್ತವ್ಯವಾದರೆ, ಆ ಶ್ರಮದ ಲೆಕ್ಕ ತೋರಿಸುವುದು ಹಿರಿಯರ ಕರ್ತವ್ಯ. ಉಳಿದ ಹತ್ತು ನಿಮಿಷಗಳಲ್ಲಿ ಮಕ್ಕಳು ಒಂದು ಮನವಿ ಪತ್ರ ಬರೆದರು: ಮುಂದಿನ ಸ್ಪರ್ಧೆಗಳಲ್ಲಿ ಅಂಕಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಬೇಕು. ಯಾರನ್ನೂ ದೂರಿರಲಿಲ್ಲ. ಮುಖ್ಯ ಶಿಕ್ಷಕಿ ಸಹಿ ಹಾಕಿ ಕಳುಹಿಸಿಕೊಟ್ಟರು. ಉತ್ತರ ಬರುವ ಮೊದಲೇ ನನ್ನ ಬೋಧನಾಭ್ಯಾಸ ಮುಗಿಯಿತು.

ಯೋಗಾಸನ ಸ್ಪರ್ಧೆಯ ವೇದಿಕೆಗಳಲ್ಲಿ ಸಂಸ್ಕೃತಿ, ದೇಶದ ಹಿರಿಮೆ ಕುರಿತ ಭಾಷಣಗಳು ಇದ್ದೇ ಇರುತ್ತವೆ, ಇರಲಿ. ಆದರೆ ಸೋತ ಮಗು ತನ್ನ ಅಂಕಗಳನ್ನು ಕಣ್ಣಾರೆ ನೋಡಿ, "ಸರಿಯಾಗಿದೆ, ಮುಂದಿನ ಸಲ ನೋಡೋಣ" ಎಂದು ಮನೆಗೆ ಹೋಗುವಂತಿದ್ದರೆ, ಅಲ್ಲಿ ಪೌರನೀತಿಯ ಪಾಠ ನಡೆದಿದೆ ಎಂದರ್ಥ. ನಾಳೆ ಶಿಕ್ಷಕರಾಗಿ ತೀರ್ಪುಗಾರರ ಕುರ್ಚಿಯಲ್ಲಿ ಕೂರಬೇಕಾದವರು ನಾವೇ.