ಮನೆಮಗನಾಗುವುದೆಂದರೆ: ‘ಸಂತ ಶಿಶುನಾಳ ಶರೀಫ’ ಚಿತ್ರ ನೋಡಿದ ಮೇಲೊಂದು ಚಿಂತನೆ



ಎದುರಿಗೆ ಬಂದವನನ್ನು ಅನ್ಯನೆಂದು ಎಣಿಸದೆ ತಮ್ಮವನೆಂದೇ ಎಣಿಸಬೇಕೆಂದು ಸಾರುವ ಬಸವಣ್ಣನವರ ವಚನವನ್ನು ಅರಿಯದವರು ನಮ್ಮಲ್ಲಿ ವಿರಳ. ತೊಟ್ಟಿಲ ಮಕ್ಕಳಿಂದ ಮೊದಲ್ಗೊಂಡು ವೇದಿಕೆಯ ಭಾಷಣಕಾರರವರೆಗೆ ಎಲ್ಲರ ನಾಲಿಗೆಯ ಮೇಲೂ ಅದು ನಲಿದಾಡುತ್ತದೆ. ಸಾಮಾನ್ಯವಾಗಿ ನಾವು ಅದನ್ನು ಮನೆಯೊಡೆಯನ ಔದಾರ್ಯದ ಮಾತಾಗಿ ಅರ್ಥೈಸುತ್ತೇವೆ. ಬಾಗಿಲಿಗೆ ಬಂದವನ ಕುಲಗೋತ್ರ ಕೇಳಬಾರದು, ಒಳಗೆ ಕರೆಯಬೇಕು, ಇಷ್ಟೇ ಅದರ ಸಾರವೆಂದು ತಿಳಿಯುತ್ತೇವೆ. ಆದರೆ ವಚನವನ್ನು ಸಾವಧಾನದಿಂದ ಓದಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಅಲ್ಲಿ ಬೇಡುತ್ತಿರುವವರು ಬಸವಣ್ಣನವರೇ. ತಮ್ಮನ್ನು ಪರಕೀಯನೆನ್ನಿಸಬೇಡ, ನಿನ್ನ ಮನೆಗೆ ಸೇರಿದವನೆನ್ನಿಸು ಎಂದು ಕೂಡಲಸಂಗಮದೇವನನ್ನು ಅವರು ಪ್ರಾರ್ಥಿಸುತ್ತಿದ್ದಾರೆ. ಬಿಜ್ಜಳನ ಭಂಡಾರವನ್ನು ಕಾಯ್ದ ಮಹಾಪುರುಷನು ಹೊಸ್ತಿಲಿನ ಒಳಗೆ ನಿಂತು ಮಾತನಾಡುತ್ತಿಲ್ಲ. ಹೊರಗೆ ನಿಂತು ಅಂಗಲಾಚುತ್ತಿದ್ದಾನೆ!

ಈ ಅರ್ಥ ನನ್ನ ಮನಸ್ಸಿಗೆ ಹೊಳೆದದ್ದು ಯಾವ ಪ್ರವಚನದಿಂದಲೂ ಅಲ್ಲ, ಒಂದು ಚಲನಚಿತ್ರವನ್ನು ನೋಡಿದ ತರುವಾಯ. ಟಿ.ಎಸ್. ನಾಗಾಭರಣ ಅವರು ನಿರ್ದೇಶಿಸಿ 1990ರಲ್ಲಿ ತೆರೆಗೆ ತಂದ ‘ಸಂತ ಶಿಶುನಾಳ ಶರೀಫ’ವೇ ಆ ಚಿತ್ರ. ಶರೀಫರ ಪಾತ್ರದಲ್ಲಿ ಶ್ರೀಧರ್, ಗುರು ಗೋವಿಂದಭಟ್ಟರ ಪಾತ್ರದಲ್ಲಿ ಗಿರೀಶ ಕಾರ್ನಾಡ, ಸಂಗೀತಕ್ಕೆ ಸಿ. ಅಶ್ವತ್ಥ್, ಮಾತುಗಳಿಗೆ ನಮ್ಮ ಉತ್ತರ ಕರ್ನಾಟಕದವರೇ ಆದ ಗೋಪಾಲ ವಾಜಪೇಯಿ. ರಾಷ್ಟ್ರಪ್ರಶಸ್ತಿಗಳಲ್ಲಿ ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಈ ಚಿತ್ರಕ್ಕೆ ಸಂದಿತು. ಅಶ್ವತ್ಥ್, ವಾಜಪೇಯಿ, ಕಾರ್ನಾಡ ಮೂವರೂ ಇಂದು ನಮ್ಮೊಡನಿಲ್ಲ. ಆದರೂ ಆ ಹಾಡುಗಳು ನಮ್ಮ ಹಳ್ಳಿಗಳ ಭಜನಾ ಮೇಳಗಳಲ್ಲಿ ಇಂದಿಗೂ ಮೊಳಗುತ್ತಿವೆ.

ಕಥೆ ನಮಗೆಲ್ಲ ಪರಿಚಿತವಾದುದೇ. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರ ಮಾರ್ಚ್ 7ರಂದು ಮುಸಲ್ಮಾನ ಮನೆತನವೊಂದರಲ್ಲಿ ಶರೀಫರು ಜನಿಸಿದರು. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರು ಅವರಿಗೆ ಗುರುವಾದರು. ‘ನಿನ್ನ ತಂದೆ ಯಾರು?’ ಎಂದು ಗುರು ಕೇಳಿದಾಗ, ನಿಮಗೆ ಯಾರು ತಂದೆಯೋ ನನಗೂ ಅವನೇ ಎಂಬರ್ಥದ ಉತ್ತರವನ್ನು ಆ ಬಾಲಕ ಕೊಟ್ಟನೆಂದು ಜನ ಇಂದಿಗೂ ಹೇಳುತ್ತಾರೆ. ಗುರುವು ಶಿಷ್ಯನಿಗೆ ಜನಿವಾರ ತೊಡಿಸಿದ ಪ್ರಸಂಗವೂ ಹಾಗೆಯೇ ಜನಜನಿತ. ಈ ಗುರು-ಶಿಷ್ಯ ಬಾಂಧವ್ಯವೇ ಚಿತ್ರದ ಹೃದಯ. ಅವರಿಬ್ಬರ ನಡುವೆ ಗಂಭೀರವಾದ ತತ್ತ್ವವಿದೆ. ಅದಕ್ಕಿಂತ ಮಿಗಿಲಾಗಿ ಸಲುಗೆಯಿದೆ, ನಗುವಿದೆ. ಕಾರ್ನಾಡರ ಗೋವಿಂದಭಟ್ಟರು ಉಪದೇಶಕ್ಕೆ ಕುಳಿತ ಗುರುವಿನಂತಿರದೆ, ನಮ್ಮ ಓಣಿಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ ಹಿರಿಯರಂತೆ ಕಾಣುತ್ತಾರೆ.

ಕಳೆದ ಶ್ರಾವಣದ ಒಂದು ಇಳಿಹೊತ್ತು ಸಿರಸಂಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಈ ಚಿತ್ರವನ್ನು ಮತ್ತೊಮ್ಮೆ ನೋಡುವ ಯೋಗ ಒದಗಿತು. ನಮ್ಮ ತಾಯಿಯವರಿದ್ದರು, ಕಾಳಮ್ಮನ ಭಕ್ತರಾದ ಬಡಿಗೇರ ಮನೆತನದ ಮಾವನವರಿದ್ದರು, ಅರಳೆ ಹಿಂಜಿ ಗಾದಿ ಹೊಲಿಯುವ ಕಸುಬಿನ, ನಾವೆಲ್ಲ ‘ಕಾಕಾ’ ಎಂದೇ ಕರೆಯುವ ನೆರೆಮನೆಯ ವೃದ್ಧ ಮುಸಲ್ಮಾನರೊಬ್ಬರಿದ್ದರು. ಹಾಡು ಬಂದಾಗಲೆಲ್ಲ ಕಾಕಾ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮಾವನವರು ಸಾಲುಗಳನ್ನು ಮುಂದಾಗಿಯೇ ಹೇಳಿಬಿಡುತ್ತಿದ್ದರು. ಮನಸಾರೆ ನಕ್ಕು, ಕಣ್ಣೊರೆಸಿಕೊಂಡು ನೋಡಿದ ಸಂಜೆ ಅದು.

ಚಿತ್ರ ಮುಗಿದ ಮೇಲೆ ಮಾತು ಶರೀಫರ ಅಂತ್ಯಕಾಲದತ್ತ ಹೊರಳಿತು. ತಾವು ಹಿರಿಯರಿಂದ ಕೇಳಿ ತಿಳಿದುದನ್ನು ತಾಯಿಯವರು ಹೇಳಿದರು. ಪ್ರಾಣೋತ್ಕ್ರಮಣದ ವೇಳೆ ಜಂಗಮರು ಶಿರದ ಮೇಲೆ ಪಾದವಿರಿಸಿ ಹರಸುವ ಸಂಪ್ರದಾಯ ನಮ್ಮಲ್ಲಿದೆಯಷ್ಟೆ. ಶರೀಫರು ತಮಗೂ ಅಂಥ ಶರಣರ ಮರಣವೇ ಬೇಕೆಂದು ಹಂಬಲಿಸಿದರು. ಮುಸಲ್ಮಾನನ ತಲೆಯ ಮೇಲೆ ಪಾದವಿಡಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಹಿರೇಮಠದ ಕರಿಬಸವಯ್ಯನವರು ಬಂದು ಆ ಇಚ್ಛೆಯನ್ನು ಪೂರೈಸಿದರು. 1889ರಲ್ಲಿ, ಹುಟ್ಟಿದ ದಿನವಾದ ಮಾರ್ಚ್ 7ರಂದೇ, ಶರೀಫರು ಬಯಲಾದರು. ಅಂತ್ಯಸಂಸ್ಕಾರದಲ್ಲಿ ಕುರಾನಿನ ಪಠಣವೂ ಮಂತ್ರಘೋಷವೂ ಜೊತೆಜೊತೆಗೆ ನಡೆದವೆಂದು ಪ್ರತೀತಿ. ಶಿಶುನಾಳದ ಅವರ ಗದ್ದುಗೆಗೆ ಎರಡೂ ಮತದವರು ನಡೆದುಕೊಳ್ಳುತ್ತಾರೆ.

ಇದನ್ನು ಕೇಳಿ ನಾವೆಲ್ಲ ಶರೀಫರನ್ನೇ ಕೊಂಡಾಡುತ್ತಿರಲು, ಕಾಕಾ ಮಾತ್ರ ಬಹಳ ಹೊತ್ತು ಸುಮ್ಮನಿದ್ದು ನಮ್ಮ ತಾಯಿಯವರ ಕಡೆಗೆ ತಿರುಗಿ ಕೇಳಿದರು: “ಅದೆಲ್ಲಾ ಖರೆ ತಂಗಿ. ಆದ್ರ ಆ ಅಯ್ಯನೋರಿಗೆ ಅವರ ಮಂದಿ ಆಮ್ಯಾಲೆ ಏನ್ ಅಂದ್ರೋ ಏನೋ!”

ಆ ಒಂದು ಪ್ರಶ್ನೆ ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ನಾವು ಶರೀಫರನ್ನು ಹಾಡುತ್ತೇವೆ, ಗೋವಿಂದಭಟ್ಟರನ್ನು ನೆನೆಯುತ್ತೇವೆ. ಕರಿಬಸವಯ್ಯನವರು ಪಾದವಿರಿಸಿ ಮನೆಗೆ ಮರಳಿದ ಆ ಸಂಜೆಯನ್ನು ಕುರಿತು ಯಾರು ಯೋಚಿಸುತ್ತಾರೆ? ಅಂಗಳದಲ್ಲಿ ನಿಂತವರು ಅವರನ್ನು ಹೇಗೆ ನೋಡಿರಬಹುದು? ಮರುದಿನ ಭಕ್ತರ ಮನೆಗೆ ಹೋದಾಗ ಎಂಥ ಮಾತುಗಳು ಕಿವಿಗೆ ಬಿದ್ದಿರಬಹುದು? ಅನ್ಯನೆನಿಸಿಕೊಂಡವನನ್ನು ತನ್ನವನೆಂದ ಮರುಗಳಿಗೆಯಲ್ಲಿಯೇ, ತನ್ನವರ ನಡುವೆ ತಾನೇ ಅನ್ಯನಾಗುವ ಪಾಡು ಅದು. ಗೋವಿಂದಭಟ್ಟರೂ ಅಗ್ರಹಾರದ ಕಣ್ಣಿನಲ್ಲಿ ಹಾಗೆಯೇ ಹೊರಗಿನವರಾದರು. ಶರೀಫರನ್ನೂ ಅವರ ಕಡೆಯವರು ಹಾಗೆಯೇ ಪ್ರಶ್ನಿಸಿದರು.

ಈಗ ವಚನಕ್ಕೆ ಮರಳೋಣ. ಬಸವಣ್ಣನವರು ಏಕೆ ಹೊಸ್ತಿಲಿನ ಹೊರಗೆ ನಿಂತು ಬೇಡುತ್ತಾರೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ದಲಿತರ ಕೇರಿಯವರನ್ನು ಬಂಧುಗಳೆಂದು ಅಪ್ಪಿಕೊಂಡ ಮೇಲೆ ಅವರು ಹುಟ್ಟಿದ ಕುಲದ ದೃಷ್ಟಿಯಲ್ಲಿ ಪರಕೀಯರೇ ಆದರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ನಡೆದ ವಿವಾಹಕ್ಕೆ ಆ ತಂದೆಯರಿಬ್ಬರೂ ಎಳೆಹೂಟೆಯ ಶಿಕ್ಷೆಯುಂಡು ಪ್ರಾಣವನ್ನೇ ತೆತ್ತರೆಂದು ಶರಣರ ಚರಿತ್ರೆ ಹೇಳುತ್ತದೆ. ಅನ್ಯರನ್ನು ತಮ್ಮವರೆನ್ನುವುದು ಬಾಯಿಮಾತಿನ ಸೌಜನ್ಯವಾಗಿದ್ದರೆ ಅಂಥ ಬೆಲೆ ತೆರಬೇಕಾಗಿತ್ತೆ? ಹಾಗೆ ಬೆಲೆ ತೆತ್ತವನಿಗೆ ಉಳಿಯುವುದು ಒಂದೇ ಮನೆ, ದೇವನ ಮನೆ. ಆದ್ದರಿಂದಲೇ ಆ ವಚನ ಪ್ರಾರ್ಥನೆಯ ರೂಪದಲ್ಲಿದೆ.

ಇಂಥ ನಡೆ ಪುರಾಣಕಾಲಕ್ಕೆ ಮೀಸಲಾದುದಲ್ಲ, ದೂರದ ಮಾತೂ ಅಲ್ಲ. ನಮ್ಮ ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸಲ್ಮಾನರ ಮನೆಗಳೇ ಇಲ್ಲ. ಆದರೂ ಅಲ್ಲಿಯ ಹಿಂದೂ ಜನರು ತಲೆಮಾರುಗಳಿಂದ ಮೊಹರಂ ಆಚರಿಸುತ್ತ, ಫಕೀರೇಶ್ವರಸ್ವಾಮಿಯ ಮಸೀದಿಯನ್ನು ಭಕ್ತಿಯಿಂದ ಕಾಯ್ದುಕೊಂಡು ಬಂದಿದ್ದಾರೆಂಬ ಸಂಗತಿ 2022ರಲ್ಲಿ ನಾಡಿನ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಹೇಳಲು ಯಾರೂ ಇಲ್ಲದಿರುವಾಗಲೂ ನೆರೆಯವರ ಹಬ್ಬವನ್ನು ಬಿಡದೆ ನಡೆಸಿಕೊಂಡು ಬರುವುದು ಸಣ್ಣ ಮಾತೇ? ನಮ್ಮ ಸಿರಸಂಗಿಯ ಹೆಸರನ್ನು ನಾಡಿಗೆ ಹರಡಿದ ತ್ಯಾಗವೀರ ಲಿಂಗರಾಜರೂ ಶಿಗ್ಲಿಯಲ್ಲಿ ಹುಟ್ಟಿ ಇಲ್ಲಿಗೆ ದತ್ತಕವಾಗಿ ಬಂದವರು. ಬಂದ ಮನೆಯ ಸಂಪತ್ತನ್ನೆಲ್ಲ ಮಕ್ಕಳ ವಿದ್ಯೆಗೆ ಧಾರೆಯೆರೆದು 1906ರಲ್ಲಿ ಲಿಂಗೈಕ್ಯರಾದರು. ಮನೆಮಗನೆನಿಸಿಕೊಳ್ಳಲು ಆ ಮನೆಯಲ್ಲಿಯೇ ಹುಟ್ಟಿರಬೇಕೆಂಬ ನಿಯಮವಿಲ್ಲವೆಂದು ಈ ಊರಿಗೆ ಬೇರೆಯವರು ಕಲಿಸಬೇಕಾಗಿಲ್ಲ.

ಅಂದು ಏಳುವ ಮುನ್ನ ಕಾಕಾ ಇನ್ನೊಂದು ಮಾತು ಕೇಳಿದರು. ನಮ್ಮ ತಂದೆಯವರು ಲಿಂಗೈಕ್ಯರಾದಾಗ ಅವರು ಕ್ರಿಯಾಸಮಾಧಿಯ ಬಳಿ ನಿಂತು ಮುಷ್ಟಿ ಮಣ್ಣು ಹಾಕಿದವರು. “ನನ್ನ ಮಣ್ಣಿಗೂ ನೀವು ಬರ್ತೀರಲ್ಲ? ಕಾಲ ಮೊದಲಿನಂಗ ಇಲ್ಲವಾ” ಎಂದರು. ತಾಯಿಯವರು ತಡಮಾಡದೆ, “ನಮ್ಮನಿ ಮಂದಿ ಬರ್ತಾರ ಅಣ್ಣಾ. ನಾ ಇದ್ರೂ ಬರ್ತಾರ, ಇರದಿದ್ರೂ ಬರ್ತಾರ” ಎಂದುಬಿಟ್ಟರು. ಆ ಮಾತು ಈಗ ನನ್ನ ಹೆಗಲ ಮೇಲಿದೆ. ನಾವೂ ಮಣ್ಣು ಕೊಡುವವರು, ಅವರೂ ಮಣ್ಣು ಕೊಡುವವರು. ಕಡೆಗೆ ಎಲ್ಲರನ್ನೂ ಒಳಗು ಮಾಡಿಕೊಳ್ಳುವ ತಾಯಿ ಒಬ್ಬಳೇ.

ಆದುದರಿಂದ ಬಂಧುಗಳೇ, ಒಳ್ಳೆಯ ಚಿತ್ರವನ್ನು ನೋಡಿ ಕಣ್ಣು ತೇವಗೊಳ್ಳುವುದು ಪುಣ್ಯವೇ ಸರಿ, ಆದರೆ ಆ ತೇವ ಆರುವ ಮುನ್ನ ನಮ್ಮನ್ನು ನಾವು ಕೇಳಿಕೊಳ್ಳಬೇಕಾದುದು ಒಂದಿದೆ. ಯಾರನ್ನು ತಮ್ಮವರೆಂದು ಹೇಳಿದರೆ ನಮ್ಮ ಓಣಿಯೇ ನಮ್ಮನ್ನು ಬೇರೆಯವರಂತೆ ನೋಡೀತೋ, ಅವರ ಬಾಗಿಲಿಗೆ ನಾವು ಹೋಗಿದ್ದೇವೆಯೇ? ಅಂಥ ದಿನ ಬಂದಾಗ ಕರಿಬಸವಯ್ಯನವರಿಗೆ ಒದಗಿದ ಧೈರ್ಯ ನಮಗೂ ಒದಗಲಿ. ನುಡಿದಂತೆ ನಡೆಯುವ ಶಕ್ತಿಯನ್ನು ಬಸವಾದಿ ಪ್ರಮಥರು ನಮ್ಮೆಲ್ಲರಿಗೂ ಕರುಣಿಸಲಿ.